ಹದಿನೇಳನೆಯ ದಿನ, ಏಳನೆಯ ಅಂತಸ್ತು

ಹೆಲ್ಸಿಂಕಿಯಿಂದ ತಾಲಿನ್‌ಗೆ ಎರಡು ಗಂಟೆ.
ಹೋಗುವಾಗ ಜನ ಖಾಲಿ ಕೈಗಾಡಿ ಎಳೆದು ತರುತ್ತಾರೆ,
ಮರಳುವಾಗ ಅವೇ ಗಾಡಿಗಳು
ಬಿಯರು ಪೆಟ್ಟಿಗೆಗಳ ಭಾರಕ್ಕೆ ತುಂಬುಬಸುರಿಯರ ಹಾಗೆ
ನಿಧಾನ, ಜೋಪಾನ, ಒಂದೊಂದೇ ಹೊಸಿಲು ದಾಟಿ.
ನಾನು ಮೆರ್ವಿ. ಏಳನೆಯ ಅಂತಸ್ತಿನ ಬಾರಿನಲ್ಲಿ
ಎಂಜಲು ಗ್ಲಾಸು ಎತ್ತುವವಳು.

ಬೇರೆ ಕೆಲಸ ನೋಡು ಎಂದರು ಎಲ್ಲರೂ.
ನೋಡಿದೆ. ಕೆಲಸ ನನ್ನನ್ನು ನೋಡಲಿಲ್ಲ.
ಮನೆ ಬಾಡಿಗೆ ಮಾತ್ರ ತಿಂಗಳಿಗೊಮ್ಮೆ
ತಪ್ಪದೆ ಬಂದು ನೋಡಿಕೊಂಡು ಹೋಗುತ್ತದೆ.

ತುಂಬಿದ ಬಾಟಲಿಗೆ ನಾನು ಹೆದರುವುದಿಲ್ಲ.
ಅದಕ್ಕೆ ಬೆಲೆಯಿದೆ, ಬೀಗವಿದೆ, ಕೇಳಬೇಕಾದ ಒಬ್ಬ ಮನುಷ್ಯನಿದ್ದಾನೆ.
ಹೆದರಿಕೆ ತಳದಲ್ಲಿ ಉಳಿದ ಆ ಒಂದು ಬೆರಳಿನಷ್ಟಕ್ಕೆ:
ಅಂಚಿಗೆ ಯಾರದೋ ತುಟಿಬಣ್ಣ,
ಕರಗಿದ ಐಸು, ನಿಂಬೆಯ ಒಂದು ಬೀಜ.
ಯಾರಿಗೂ ಬೇಡ, ಯಾರ ಲೆಕ್ಕದಲ್ಲೂ ಇಲ್ಲ.
ಚೆಲ್ಲುವುದಕ್ಕೂ ಕುಡಿಯುವುದಕ್ಕೂ
ಮಣಿಕಟ್ಟಿನ ಒಂದೇ ತಿರುವು.

ಸಂಜೆ ಐದೂಕಾಲು. ಬಂತು.
ತಲೆಗಲ್ಲ, ಮೊದಲು ಒಸಡಿಗೆ ಬರುತ್ತದೆ,
ಬಾಯೊಳಗೆ ತವರ ಕರಗಿದ ಹಾಗೆ.
ಆಮೇಲೆ ಮೊಣಕಾಲ ಹಿಂದೆ. ಆಮೇಲೆ ಮಾತಾಡುತ್ತದೆ,
ನನ್ನ ದನಿಯಲ್ಲೇ, ನನಗಿಂತ ಚೆನ್ನಾಗಿ:
ದಣಿದಿದ್ದೀಯ ಮೆರ್ವಿ. ಹದಿನೇಳು ದಿನ ಅಂದರೆ ಸಣ್ಣ ಮಾತಲ್ಲ.
ಇದಕ್ಕೊಂದು ಸಣ್ಣ ಸಂಭ್ರಮ ಬೇಡವೆ?

ನಗು ಬಂತು, ನಿಜ. ನಗುತ್ತಲೇ ಕೈ ನಡುಗಿತು.
ಟ್ರೇ ಮೇಲೆ ಗ್ಲಾಸುಗಳು ಕಟಕಟ ಹಲ್ಲು ಕಡಿದವು.

ಅಹ್ತಿ ಮುದುಕ ಹೇಳಿದ್ದ. ಟಗ್ ದೋಣಿಯ ಎಂಜಿನಿನವನು,
ಕುಡಿತ ಬಿಟ್ಟು ಇಪ್ಪತ್ತೆರಡು ಚಳಿಗಾಲ.
ಅದಕ್ಕೆ ಇಲ್ಲ ಅನ್ನಬೇಡ, ಇಲ್ಲ ಅಂದರೆ ಬಾಗಿಲು ಒದೆಯುತ್ತದೆ.
ವಸೂಲಿಗೆ ಬಂದವನಿಗೆ ಹೇಳಿದ ಹಾಗೆ ಹೇಳು.
ವಾಯಿದೆ ಹಾಕು. ವಾಯಿದೆ ಮುಗಿದರೆ ಇನ್ನೊಂದು ಹಾಕು.
ಮಾನ ಹೋಗುತ್ತದಲ್ಲ, ಅಂದೆ.
ಅದರ ಮುಂದೆ ಎಂಥ ಮಾನ, ಅಂದ,
ನಾನು ಇಪ್ಪತ್ತೆರಡು ವರ್ಷದ ಬಾಕಿದಾರ.

ಹಾಗಾಗಿ ಅಡುಗೆಕೋಣೆಯ ಹಿಂದಿನ ದುಂಡು ಕಿಟಕಿಯ
ಹಬೆ ಕೂತ ಗಾಜಿನ ಮೇಲೆ ಬೆರಳಲ್ಲಿ ಬರೆದೆ:
ನಾಳೆ ಬಾ.
ಅಕ್ಷರ ಇಳಿದು ಹೋಗುವ ಮೊದಲು
ಅದರೊಳಗಿಂದ ಸಮುದ್ರ ಕಂಡಿತು,
ಮಾರ್ಚ್ ತಿಂಗಳ ಒಡೆದ ಮಂಜುಗಡ್ಡೆ, ಬೂದು, ತಟ್ಟೆ ತಟ್ಟೆ,
ನಡುವೆ ಕಪ್ಪು ನೀರಿನ ಗೀರು.
ಹಡಗು ಸೀಳಿ ಬಂದ ದಾರಿ ಆಗಲೇ ಕೂಡಿಕೊಳ್ಳುತ್ತಿತ್ತು.

ದೀಪಸ್ತಂಭದ ತನಕ ಅಂದೆ. ದೀಪಸ್ತಂಭ ಬಂತು.
ಈ ಟ್ರೇ ತೊಳೆಯುವ ತನಕ. ತೊಳೆದೆ.
ಉಪ್ಪು ಲಿಕೋರಿಸ್ ಒಂದು ಬಾಯಿಗಿಟ್ಟೆ, ಕಲ್ಲಿದ್ದಲಿನ ರುಚಿ,
ಅದು ಕರಗುವ ತನಕ. ಅರ್ಧಕ್ಕೇ ಕಚ್ಚಿಬಿಟ್ಟೆ.
ಇನ್ನೊಂದು.

ಆಚೆ ವಾದ್ಯದವರು ಟ್ಯಾಂಗೊ ಎತ್ತಿಕೊಂಡರು.
ಎಂಬತ್ತರ ಗಂಡಹೆಂಡತಿ, ಅವಳ ಕಾಲಲ್ಲಿ ಬರೀ ಉಣ್ಣೆಯ ಕಾಲುಚೀಲ,
ತೂಗುವ ನೆಲದ ಮೇಲೆ ಬೀಳದೆ ತಿರುಗುತ್ತಿದ್ದರು.
ಅವರ ಮೇಜಿನ ಮೇಲೆ ಎರಡು ಕಾಫಿ, ಒಂದು ಕಾನ್ಯಾಕು.
ಕಾನ್ಯಾಕು ಪೂರ್ತಿ ಇತ್ತು. ಮುಟ್ಟಿಯೇ ಇಲ್ಲ.
ಹೀಗೂ ಇರಬಹುದೆ ಒಂದು ಗ್ಲಾಸು,
ಹಾಡು ಮುಗಿಯುವವರೆಗೆ ಮರೆತು ಹೋಗುವಂಥದ್ದು?
ನನ್ನ ಆಯುಷ್ಯದಲ್ಲಿ ನಾನು ಒಂದನ್ನೂ ಮರೆತದ್ದಿಲ್ಲ.
ಮಗಳ ಹುಟ್ಟುಹಬ್ಬ ಮರೆತಿದ್ದೇನೆ. ಎರಡು ಸಲ.

ಎತ್ತಲು ಹೋದೆ. ಮುದುಕಿ ಕುಣಿತದ ನಡುವಿನಿಂದಲೇ
ಇರಲಿ ಬಿಡು, ಎಂದು ಕೈ ಮಾಡಿದಳು.
ಬಿಟ್ಟೆ.

ಬಂದರು. ಸರಪಳಿಗಳ ಸದ್ದು.
ಕೈಗಾಡಿಗಳು ಗಾಜಿನ ದನಿಯಲ್ಲಿ ಗೊಣಗುತ್ತ ಇಳಿದವು.
ಉಸಿರು ಕಟ್ಟಿ ಕೊನೆಯ ಟ್ರೇಯನ್ನು ತೊಟ್ಟಿಗೆ ಬಗ್ಗಿಸಿದೆ:
ಎಲ್ಲರ ಎಂಜಲೂ ಒಂದೇ ಬಣ್ಣವಾಗಿ
ಸುತ್ತಿ ಸುತ್ತಿ ಇಳಿದು ಹೋಯಿತು.
ಬೆರಳಿಗೆ ತಗುಲಿದ್ದನ್ನು ಏಪ್ರನ್ನಿಗೆ ಒರೆಸಿಕೊಂಡೆ.
ಒರೆಸುವ ಮೊದಲು ಒಂದು ಕ್ಷಣ
ಬೆರಳನ್ನೇ ನೋಡುತ್ತ ನಿಂತೆ ಎಂಬುದನ್ನೂ
ಅಹ್ತಿಗೆ ಹೇಳಬೇಕು.

ಏಳೂವರೆಗೆ ಮತ್ತೆ ಹಡಗು ಬಿಡುತ್ತದೆ.